ಎಣ್ಣೆ ಬೆರೆಸದ ಎರಡು ಲೀಟರ್

ಆ ಗಾಡಿಯನ್ನು ಸ್ಟಾರ್ಟ್ ಮಾಡುವುದನ್ನು ಕಲಿಯಲು ನನಗೆ ನಾಲ್ಕು ಬೆಳಗು ಹಿಡಿದವು. ಆಗ ನಾನು ರಾಮನಗರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಹಳೆಯ ಸಣ್ಣ ಮೋಟಾರ್ ಸೈಕಲ್ಲುಗಳನ್ನು ರಿಪೇರಿ ಮಾಡಿಸಿ ಇಟ್ಟುಕೊಂಡವರು ಸೇರಿ, ಒಂದು ಭಾನುವಾರ ರಾಮನಗರದಿಂದ ಮಾಗಡಿ ದಾಟಿ ಕೆಂಪಾಪುರದವರೆಗೆ ಸವಾರಿ ಹೋಗುವವರಿದ್ದರು. ರಸ್ತೆ ಬದಿ ನಿಂತು ನೋಡಿ ಬರೆಯುವುದು ಬೇಡ, ನೀವೇ ಒಂದನ್ನು ಓಡಿಸಿ ಬರೆಯಿರಿ ಎಂದು ಪುರವಣಿಯ ಮುಖ್ಯಸ್ಥರು ಹೇಳಿದರು. ಅದಕ್ಕಾಗಿ ಚನ್ನಪಟ್ಟಣದ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದೆ.

ಅವರ ಶೆಡ್ಡು ಹೆದ್ದಾರಿಯಿಂದ ಒಳಗೆ, ರೇಷ್ಮೆ ನೂಲು ತೆಗೆಯುವ ಮನೆಗಳ ಸಾಲಿನ ಕೊನೆಯಲ್ಲಿತ್ತು. ಅರವತ್ತರ ಹತ್ತಿರದ ವಯಸ್ಸು. ಓಣಿಯವರೆಲ್ಲ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಪಂಕ್ಚರ್, ಬ್ರೇಕು, ಕ್ಲಚ್ ವೈರು ಎಂದು ಜೀವನ ಸವೆಸಿದವರು, ಕೆಲವು ವರ್ಷಗಳಿಂದ ಹಳೆಯ ಟೂ-ಸ್ಟ್ರೋಕ್ ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿದ್ದರು. ಭಾನುವಾರದ ಸವಾರಿಯ ಆಯೋಜಕರು ಬೆಂಗಳೂರಿನವರೊಬ್ಬರು, ಇಂಥ ಗಾಡಿಗಳ ಸಂಗ್ರಾಹಕರು. ಉಸ್ತಾದ್ ಕಟ್ಟಿದ ಒಂದು ಎಂಜಿನ್ ಅಷ್ಟು ದೂರ ಓಡುವುದನ್ನು ಕಣ್ಣಾರೆ ನೋಡಿದರೆ ತಮ್ಮ ನಾಲ್ಕು ಗಾಡಿಗಳನ್ನು ಇವರಿಗೇ ಒಪ್ಪಿಸುತ್ತೇನೆ ಎಂದಿದ್ದರು.

"ಆ ನಾಲ್ಕು ಗಾಡಿ ಬಂದ್ರೆ ಪಂಕ್ಚರ್ ಬೋರ್ಡು ಇಳಿಸ್ತೀನಿ ಸಾಬ್," ಎಂದು ಉಸ್ತಾದ್ ಮೊದಲ ದಿನವೇ ಹೇಳಿದರು. "ಬೆನ್ನು ಬಗ್ತಾ ಇಲ್ಲ ಈಗ."

ಓಡಬೇಕಾಗಿದ್ದ ಗಾಡಿ ಪಶು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್ ಒಬ್ಬರದು. ಕೈಲಾಂಚದ ಕಡೆಯವರು. ಮಾಗಡಿ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಇದೇ ಗಾಡಿಯಲ್ಲಿ ಹಳ್ಳಿ ಸುತ್ತಿದ್ದರು. ಈಗ ಮಂಡಿ ಆಪರೇಷನ್ ಆಗಿ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಯಾರಾದರೂ ಸ್ಟಾರ್ಟ್ ಮಾಡಿಕೊಟ್ಟರೆ ಓಡಿಸಬಲ್ಲರು. ಮಾಗಡಿಯವರೆಗೆ ನಾನು, ಅಲ್ಲಿಂದ ಕೆಂಪಾಪುರಕ್ಕೆ ಅವರು ಎಂದು ಮಾತಾಯಿತು.

"ಪೇಪರ್‌ನೋರಾ? ಗೇರ್ ಗಾಡಿ ಓಡ್ಸಿದ್ದೀರಾ?" ಎಂದು ಅವರು ಶೆಡ್ಡಿನ ಬೆಂಚಿನ ಮೇಲಿಂದಲೇ ಕೇಳಿದರು.

"ದಿನಾ ಓಡಿಸ್ತೀನಿ ಸಾರ್."

"ಇದು ನಿಮ್ ಬಟನ್ ಗಾಡಿ ಅಲ್ಲ ಕಣಪ್ಪ. ಹಸ ಇದ್ದಂಗೆ. ಹೊಸ ಕೈ ಮುಟ್ಟಿದ್ರೆ ಒದೀತದೆ."

ಒದೆಯಿತು. ಮೊದಲ ದಿನ ಹತ್ತೊಂಬತ್ತು ಕಿಕ್ ಹೊಡೆದೆ. ಇಪ್ಪತ್ತನೆಯದಕ್ಕೆ ಕಿಕ್ ತಿರುಗಿ ಬಂದು ಮೀನಖಂಡಕ್ಕೆ ಬಿತ್ತು. ನಾನು ಅರ್ಧಕ್ಕೆ ಕಾಲು ತೆಗೆದಿದ್ದೆ. ಕಾಂಪೌಂಡರ್ ನಗಲಿಲ್ಲ. "ಒಸಿ ಸುಣ್ಣ ಅರಿಸಿನ ಹಚ್ಕಳಿ," ಎಂದರು, ಹಸುವಿನ ಮಾಲೀಕನಿಗೆ ಹೇಳುವ ಹಾಗೆ.

ಕ್ರಮ ಹೀಗಿತ್ತು. ಮೊದಲು ಪೆಟ್ರೋಲಿನ ನಲ್ಲಿಯನ್ನು ತಿರುಗಿಸಬೇಕು. ಕಾರ್ಬೊರೇಟರ್ ಮೇಲೆ ಕಡಲೆಕಾಳಿನಷ್ಟು ಒಂದು ಗುಂಡಿ ಇದೆ; ಪೆಟ್ರೋಲ್ ಜಿನುಗಿ ಬೆರಳಿಗೆ ತಾಗುವವರೆಗೆ ಅದನ್ನು ಒತ್ತಬೇಕು. ಕೀ ತಿರುಗಿಸದೆ ಎರಡು ಸಲ ಕಿಕ್ಕನ್ನು ನಿಧಾನಕ್ಕೆ ಕೆಳಗಿಳಿಸಬೇಕು. ಆಮೇಲೆ ಕೀ. ಮೂರನೆಯ ಸಲ ಕಿಕ್ ಒಂದು ಕಡೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಮೇಲಕ್ಕೆ ಬಿಟ್ಟು, ಮೈಭಾರ ಪೂರ್ತಿ ಹಾಕಿ ಒಂದೇ ಏಟಿಗೆ ತಳ ಮುಟ್ಟಿಸಬೇಕು. ಎಕ್ಸಲೇಟರ್ ಮುಟ್ಟಬಾರದು. ಮುಟ್ಟಿದರೆ ಕಿಡಿ ಹೊತ್ತಿಸುವ ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗುತ್ತದೆ. ಬಿಚ್ಚಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಮೊದಲಿಂದ. ಎರಡನೆಯ ದಿನ ನಾನು ಪ್ಲಗ್ ಬಿಚ್ಚಿದ್ದು ಐದು ಸಲ.

"ಗುಸ್ಸಾದಲ್ಲಿ ಹೊಡೀಬೇಡಿ ಸಾಬ್," ಎಂದರು ಉಸ್ತಾದ್. "ಹನ್ನೆರಡು ತಿಂಗಳು ಕೂತು ಕಟ್ಟಿದ್ದೀನಿ. ಅದಕ್ಕೆ ಒದೆ ಬೇಕಿಲ್ಲ, ಸಮಾಧಾನ ಬೇಕು."

ನಾಲ್ಕನೆಯ ಬೆಳಗು ಎರಡನೇ ಕಿಕ್ಕಿಗೆ ಹೊತ್ತಿತು. ಶೆಡ್ಡು ನೀಲಿ ಹೊಗೆಯಿಂದ ತುಂಬಿತು. ಪಕ್ಕದ ಮನೆಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದ ಹೆಂಗಸು ಬಾಗಿಲಿಗೆ ಬಂದು, "ನಮ್ ವಾಸ್ನೆಗೆ ನೀವು ಬೈತೀರಲ್ಲ, ಇದೇನು ಅತ್ತರಾ?" ಎಂದು ಕೇಳಿ ಒಳಗೆ ಹೋದಳು.

ಆ ದಿನವೇ ಉಸ್ತಾದ್ ಎಣ್ಣೆಯ ಪಾಠ ಹೇಳಿದರು. ಈ ಎಂಜಿನ್‌ಗೆ ಎಣ್ಣೆಯ ಬೇರೆ ಟ್ಯಾಂಕಿಲ್ಲ. ಪೆಟ್ರೋಲಿನಲ್ಲಿ ಬೆರೆತು ಹೋಗುವ ಎಣ್ಣೆಯೇ ಪಿಸ್ಟನ್ ಜಾರುವಂತೆ ನೋಡಿಕೊಳ್ಳುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಬಿಗಿ ಇರುತ್ತದಾದ್ದರಿಂದ ಲೀಟರಿಗೆ ಐವತ್ತು ಎಂ.ಎಲ್. ಅವರು ಡಬ್ಬದಲ್ಲಿ ಬೆರೆಸಿ, ಮುಚ್ಚಿ, ಮಗುವನ್ನು ತೂಗಿದಂತೆ ಆಡಿಸಿ, ನಂತರ ಟ್ಯಾಂಕಿಗೆ ಸುರಿಯುತ್ತಿದ್ದರು. ಟ್ಯಾಂಕಿನ ಮಟ್ಟ ನೋಡಲು ಅವರಲ್ಲಿ ಹಾಲೆ ಮರದ ಒಂದು ಕಡ್ಡಿ ಇತ್ತು, ಅವರ ಅಣ್ಣ ಬೊಂಬೆ ಕಡೆಯುವ ಯಂತ್ರದಲ್ಲಿ ಕಡೆದುಕೊಟ್ಟದ್ದು. ಅರ್ಧ ಲೀಟರಿಗೊಂದು ಅರಗಿನ ಪಟ್ಟೆ. ಅರಗು ಪೆಟ್ರೋಲಿಗೆ ಕರಗುವುದಿಲ್ಲವಂತೆ.

"ದಾರೀಲಿ ಪೆಟ್ರೋಲ್ ಹಾಕ್ಸೋ ಹಾಗೆ ಬಂದ್ರೆ," ಎಂದು ಗಾಡಿಯ ಬದಿಯ ಡಬ್ಬಿಯಲ್ಲಿ ಎಣ್ಣೆಯ ಸೀಸೆ ಇಟ್ಟು ತೋರಿಸಿದರು. "ಮೊದ್ಲು ಎಣ್ಣೆ, ಆಮೇಲೆ ಪೆಟ್ರೋಲ್, ಆಮೇಲೆ ಗಾಡಿ ಅಲ್ಲಾಡ್ಸೋದು. ಆದ್ರೆ ಹಾಕ್ಸೋ ಹಾಗೆ ಬರಲ್ಲ. ಎರಡೂವರೆ ಲೀಟರ್ ಹಾಕಿ ಕೊಡ್ತೀನಿ, ನೆಟ್ಟಗೆ ಹೋದ್ರೆ ಕೆಂಪಾಪುರ ಮುಟ್ಟಿ ಮಿಗ್ತದೆ."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಭಾನುವಾರ ನಸುಕಿನಲ್ಲಿ ಗಾಡಿ ಪಡೆದು ಚನ್ನಪಟ್ಟಣ ಬಿಟ್ಟೆ. ನೆಟ್ಟಗೆ ಹೋಗಲಿಲ್ಲ. ಹಿಪ್ಪುನೇರಳೆ ತೋಟದ ನಡುವೆ, ಹಿಂದೆ ಬಂಡೆಗುಡ್ಡ ಕಾಣುವ ಹಾಗೆ ಗಾಡಿಯ ಚಿತ್ರ ಬೇಕೆಂದು ನಮ್ಮ ಛಾಯಾಗ್ರಾಹಕನನ್ನು ಹಿಂದಿನ ದಿನವೇ ಕೈಲಾಂಚಕ್ಕೆ ಬರಹೇಳಿದ್ದೆ. ಹೋಗಿ ಬರಲು, ಅಲ್ಲಿ ನಾಲ್ಕಾರು ಸಲ ಹಿಂದೆ ಮುಂದೆ ಓಡಿಸಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಾಯಿತು. ರಾಮನಗರಕ್ಕೆ ಬಂದಾಗ ಉಸ್ತಾದ್ ಮತ್ತು ಕಾಂಪೌಂಡರ್ ಲಗೇಜ್ ಆಟೊದಲ್ಲಿ ಕಾದಿದ್ದರು. ತಡವಾಯಿತಲ್ಲ ಎಂದಾಗ, ನಿಧಾನ ಬಂದೆ ಎಂದೆ.

ಹದಿನಾರು ಗಾಡಿಗಳು ಹೊರಟವು. ನಲವತ್ತರ ಮೇಲೆ ಹೋಗಬಾರದೆಂದು ಉಸ್ತಾದ್ ಹೇಳಿದ್ದರು, ಹೋಗಲಿಲ್ಲ. ಸಣ್ಣ ಎಂಜಿನ್‌ನ ಸವಾರಿಯಲ್ಲಿ ಕಿವಿಗೆ ಕೆಲಸ ಹೆಚ್ಚು. ಏರು ಬರುವ ಮುಂಚೆಯೇ ಗೇರ್ ಇಳಿಸಬೇಕು, ಇಳಿಜಾರಿನಲ್ಲಿ ಎಂಜಿನ್ ಬಿಕ್ಕುವುದನ್ನು ಕೇಳಿ ತುಸು ಎಕ್ಸಲೇಟರ್ ಕೊಡಬೇಕು. ಒಂದು ಟೀ ಅಂಗಡಿಯ ಮುಂದೆ ಕೂತಿದ್ದವನೊಬ್ಬ ಮೂಗು ಮುಚ್ಚಿಕೊಂಡು, "ಏನ್ಲಾ, ಪಂಚಾಯ್ತಿಯೋರು ಸೊಳ್ಳೆ ಹೊಗೆ ಬಿಡಕ್ಕೆ ಬಂದ್ರು," ಎಂದು ಪಕ್ಕದವನಿಗೆ ಕೂಗಿದ. ಅದನ್ನು ವರದಿಯಲ್ಲಿ ಬಳಸಬೇಕೆಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ನಾನು ತುಂಬ ಸಂತೋಷದಲ್ಲಿದ್ದೆ.

ಅರ್ಧ ದಾರಿಯಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಮುಗ್ಗರಿಸಿತು. ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿದೆ. ಹಿಂದೆ ಯಾರದೋ ಗಾಡಿಯ ಚೈನ್ ಕಳಚಿ, ಉಸ್ತಾದರ ಆಟೊ ಅಲ್ಲೇ ನಿಂತಿತ್ತು. ಅವರು ಬರುವುದರೊಳಗೆ ಪೆಟ್ರೋಲ್ ಹಾಕಿಸಿಬಿಟ್ಟರೆ ಕೈಲಾಂಚದ ವಿಷಯ ಯಾರಿಗೂ ಹೇಳಬೇಕಾಗುವುದಿಲ್ಲ ಎಂಬ ಲೆಕ್ಕ ತಲೆಗೆ ಬಂತು. ಮುಂದೆ ಒಂದು ಬಂಕ್ ಇತ್ತು. ಟ್ಯಾಂಕಿನ ಮುಚ್ಚಳ ತೆಗೆಯುವಾಗ ಡೆಸ್ಕಿನಿಂದ ಫೋನ್ ಬಂತು. ಪುರವಣಿಯ ಪುಟ ಮಧ್ಯಾಹ್ನಕ್ಕೆ ಮುಗಿಯಬೇಕು, ಚಿತ್ರಕ್ಕೆ ಎರಡು ಸಾಲು ಬೇಕು.

"ಟೂ-ಟಿ ಆಯಿಲ್ ಇಲ್ಲ ಸಾರ್ ನಮ್ಮತ್ರ. ಪೆಟ್ರೋಲ್ ಎಷ್ಟು ಹಾಕ್ಲಿ?" ಎಂದ ಬಂಕಿನವನು.

ಅವನು ಎಣ್ಣೆಯನ್ನು ಜ್ಞಾಪಿಸಿಯೂ ಕೊಟ್ಟ. ನಾನು ಫೋನನ್ನು ಭುಜಕ್ಕೆ ಒತ್ತಿಕೊಂಡು ಎರಡು ಬೆರಳು ತೋರಿಸಿದೆ. ಎಣ್ಣೆಯ ಸೀಸೆ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಎರಡು ಸಾಲು ಹೇಳಿ ಮುಗಿಸಿ, ಮುಚ್ಚಳ ಹಾಕಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದೆ. ಒಂದೇ ಕಿಕ್ಕಿಗೆ ಹೊತ್ತಿತಲ್ಲ ಎಂದು ಹೆಮ್ಮೆಯೂ ಆಯಿತು.

ಟ್ಯಾಂಕಿನಲ್ಲಿ ಅಷ್ಟಿಷ್ಟು ಉಳಿದಿದ್ದ ಹಳೆಯ ಮಿಶ್ರಣದ ಬಲದಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರ್ ಓಡಿತು. ಆಟೊ ನನ್ನ ಹಿಂದೆ ಬಂದು ಸೇರಿಕೊಂಡಿತ್ತು. ಮಾಗಡಿ ಇನ್ನು ಸ್ವಲ್ಪ ದೂರ ಎನ್ನುವಾಗ ಒಂದು ಉದ್ದನೆಯ ಏರು. ಎಂಜಿನ್ ಶಬ್ದ ತೆಳ್ಳಗಾಯಿತು. ಗಂಟೆಗೆ ಕಡ್ಡಿ ತಾಗಿಸಿದಂಥ ಕಿಣಿಕಿಣಿ ಒಳಗಿಂದ ಕೇಳಿತು. ಎಕ್ಸಲೇಟರ್ ಹೆಚ್ಚಿಸಿದರೆ ವೇಗ ಇಳಿಯಿತು. ಒಂದು ಕ್ಷಣ ಸುಟ್ಟ ಲೋಹದ ವಾಸನೆ ಬಂತು, ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ. ಇಳಿದು ಕಿಕ್ ಒತ್ತಿದೆ. ಅದು ಕಲ್ಲಿನ ಮೇಲೆ ಕಾಲಿಟ್ಟಂತಿತ್ತು.

ಆಗ ನನಗೆ ಗೊತ್ತಾಯಿತು. ಆಮೇಲೆ ಯೋಚಿಸಿ ಗೊತ್ತಾದದ್ದಲ್ಲ; ಕಿಕ್ ಅಲುಗದ ಆ ಗಳಿಗೆಯಲ್ಲೇ ಬಂಕಿನವನ ಮಾತು ಕಿವಿಗೆ ಬಂತು.

ಉಸ್ತಾದ್ ಆಟೊದಿಂದ ಇಳಿದು ಬಂದರು. ಎಂಜಿನ್ ಮುಟ್ಟಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿದರು. ತುದಿಯ ಪೆಟ್ರೋಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು, ಮೂಸಿದರು, ಅಂಗಿಗೆ ಒರೆಸಿಕೊಂಡರು. ಮುಚ್ಚಳ ಹಾಕಿದರು. ಸವಾರರೆಲ್ಲ ನಿಂತಿದ್ದರು. ಆಯೋಜಕರು ಬಂದು, "ಏನಾಯಿತು ಉಸ್ತಾದ್?" ಎಂದರು.

ಉಸ್ತಾದ್ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಬೈಗುಳವಿರಲಿಲ್ಲ. ನನ್ನ ಮಾತಿಗೆ ಜಾಗ ಬಿಟ್ಟುಕೊಡುವವರ ಹಾಗೆ ನೋಡಿದರು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವುದರಲ್ಲಿ ತೊಡಗಿದೆ. ಆ ಪಟ್ಟಿ ಬಿಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ.

"ನಾನು ಹಾಕಿದ ಪಿಸ್ಟನ್ ರಿಂಗ್ ಟೈಟ್ ಇತ್ತೇನೋ ಸಾರ್," ಎಂದರು ಉಸ್ತಾದ್. "ಬಿಚ್ಚಿ ನೋಡ್ಬೇಕು."

"ಇಷ್ಟು ದೂರಕ್ಕೇ?" ಎಂದರು ಆಯೋಜಕರು. ತಮ್ಮ ಗಾಡಿಯತ್ತ ಹೋದರು.

ಕಾಂಪೌಂಡರ್ ಆಟೊದಿಂದ ಇಳಿಯಲೇ ಇಲ್ಲ. ಸವಾರಿಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗಾಡಿಯನ್ನು ಅವರ ಪಕ್ಕಕ್ಕೆ ಹತ್ತಿಸಿ ಹಗ್ಗ ಕಟ್ಟಿದೆವು. ಅವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದರು.

ನಾನು ಬೇರೊಬ್ಬರ ಗಾಡಿಯ ಹಿಂದೆ ಕೂತು ಕೆಂಪಾಪುರಕ್ಕೆ ಹೋದೆ. ಕೆಂಪೇಗೌಡರ ಸಮಾಧಿಯ ಮುಂದೆ ಹದಿನೈದು ಗಾಡಿ ನಿಲ್ಲಿಸಿ ಚಿತ್ರ ತೆಗೆದದ್ದು, ಊಟ, ಮಾತು ಎಲ್ಲವನ್ನೂ ಬರೆದುಕೊಂಡೆ. ಸಂಜೆ ಜಿಲ್ಲಾ ಪುಟಕ್ಕೆ ಕಳಿಸಿದ ವರದಿಯಲ್ಲಿ ಒಂದು ಸಾಲು ಹೀಗಿತ್ತು: 'ಚನ್ನಪಟ್ಟಣದಲ್ಲಿ ಇತ್ತೀಚೆಗೆ ಪುನರ್ನಿರ್ಮಿಸಿದ್ದ ಒಂದು ಗಾಡಿಯ ಎಂಜಿನ್ ಮಾಗಡಿ ಸಮೀಪ ಬಿಗಿದು ನಿಂತಿತು.' ಹದಿನೇಳು ವರ್ಷದ ಕಸುಬಿನಲ್ಲಿ ಕಲಿತದ್ದೆಲ್ಲ ಆ ಸಾಲಿನಲ್ಲಿತ್ತು. ಒಂದು ಪದವೂ ಸುಳ್ಳಲ್ಲ. ಯಾರೂ ಪ್ರಶ್ನಿಸುವಂತಿಲ್ಲ. ಚನ್ನಪಟ್ಟಣದಲ್ಲಿ ಅಂಥ ಕೆಲಸ ಮಾಡುವವರು ಒಬ್ಬರೇ ಎಂಬುದು ನನಗೆ ಗೊತ್ತಿತ್ತು.

ಒಂಬತ್ತು ದಿನ ನಾನು ಆ ಕಡೆ ಹೋಗಲಿಲ್ಲ. ಮಾರುಕಟ್ಟೆ, ಸಭೆ, ಅಪಘಾತ ಎಂದು ಕೆಲಸ ಇತ್ತು, ಇಲ್ಲದಿದ್ದರೆ ಹುಡುಕಿಕೊಂಡೆ. ಬಿಗಿದ ಎಂಜಿನ್ ಬಿಚ್ಚಿದರೆ ಕಾರಣ ಕಾಣುತ್ತದೆ, ಉಸ್ತಾದ್ ತಾವಾಗಿ ಆಯೋಜಕರಿಗೆ ತಿಳಿಸುತ್ತಾರೆ, ನಾನು ಹೇಳುವ ಅಗತ್ಯ ಬೀಳುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹತ್ತನೆಯ ದಿನ ಚನ್ನಪಟ್ಟಣದಲ್ಲಿ ಬೇರೊಂದು ಕೆಲಸಕ್ಕೆ ಹೋದವನು ಶೆಡ್ಡಿಗೆ ಹೋದೆ.

ಗೋಡೆ ಬದಿಯ ಹಲಗೆಯ ಮೇಲೆ ಮೊದಲು ಬೇರೆ ಇಬ್ಬರ ಎರಡು ಎಂಜಿನ್‌ಗಳು ಅರ್ಧ ಬಿಚ್ಚಿಟ್ಟಿದ್ದವು. ಹಲಗೆ ಖಾಲಿ ಇತ್ತು.

"ಒಯ್ದ್ರು," ಎಂದರು ಉಸ್ತಾದ್, ಒಂದು ಟ್ಯೂಬಿಗೆ ಗಾಳಿ ತುಂಬುತ್ತ. "ಇಬ್ಬರೂ ಬಂದು ಗೋಣಿಚೀಲಕ್ಕೆ ಹಾಕ್ಕೊಂಡು ಹೋದ್ರು. ಒಬ್ಬರು ಪೇಪರ್ ತುಂಡೂ ತಂದಿದ್ರು."

"ಬೆಂಗಳೂರಿನವರು?"

"ಫೋನ್ ಮಾಡಿಲ್ಲ."

ಕಾಂಪೌಂಡರ್ ಬೆಂಚಿನ ಮೇಲೆ ಕೂತಿದ್ದರು. ಗಾಡಿ ಮೂಲೆಯಲ್ಲಿತ್ತು, ಕಟ್ಟಿದ್ದ ಹಗ್ಗದ ಒಂದು ತುಂಡು ಇನ್ನೂ ಹಾಗೇ ಇತ್ತು. ಎಂಜಿನ್ ಬಿಚ್ಚಿರಲಿಲ್ಲ.

"ಯಾಕೆ ಬಿಚ್ಚಲಿಲ್ಲ ಉಸ್ತಾದ್?"

"ನೀವಿಲ್ದೆ ಬಿಚ್ಚೋದು ಬೇಡ ಅಂತ. ಬನ್ನಿ, ಈಗ ಬಿಚ್ಚೋಣ." ಅವರು ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿ, ತಿರುಗಿಸದೆ ಹಿಡಿದುಕೊಂಡರು.

ಆ ನಟ್ಟು ಬಿಚ್ಚಿದ ಮೇಲೆ ನಾನು ಹೇಳುವುದಕ್ಕೂ ಬಿಚ್ಚುವ ಮುಂಚೆ ಹೇಳುವುದಕ್ಕೂ ವ್ಯತ್ಯಾಸವಿದೆ ಎಂಬಷ್ಟು ನನಗೆ ತಿಳಿಯಿತು. "ಉಸ್ತಾದ್, ನಾನು ಬಂಕಿನಲ್ಲಿ ಎಣ್ಣೆ ಹಾಕಲಿಲ್ಲ," ಎಂದೆ. ಕೈಲಾಂಚಕ್ಕೆ ಹೋದದ್ದನ್ನೂ ಹೇಳಿದೆ. ಫೋನಿನ ವಿಷಯ ಹೇಳತೊಡಗಿ, ಅದು ನೆಪದಂತೆ ಕೇಳಿಸಿದ್ದರಿಂದ ನಿಲ್ಲಿಸಿದೆ.

ಉಸ್ತಾದ್ ಸ್ಪ್ಯಾನರ್ ಕೆಳಗಿಟ್ಟರು. ಮಾತಾಡಿದ್ದು ಕಾಂಪೌಂಡರ್.

"ನಂಗೆ ಆವತ್ತೇ ಗೊತ್ತಿತ್ತು ಕಣಪ್ಪ. ಆಟೋದಾಗೆ ನಿನ್ನ ಹಿಂದೇನೆ ಬರ್ತಿದ್ನಲ್ಲ. ಮೊದ್ಲು ಮಖಕ್ಕೆ ಹೊಗೆ ಬಡೀತಿತ್ತು, ಆಮ್ಯಾಕೆ ಹೊಗೇನೆ ಇರ್ನಿಲ್ಲ. ಆ ಗಾಡಿ ಹೊಗೆ ಬುಡದೆ ಓಡಿದ್ದ ನಾನು ಕಂಡೇ ಇಲ್ಲ. ಕೂಗ್ದೆ. ನಿಂಗೆ ಕೇಳ್ನಿಲ್ಲ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಸಾರ್?"

"ಸಾಬ್ರು ಬೇಡ ಅಂದ್ರು."

ನಾನು ಉಸ್ತಾದರ ಕಡೆ ತಿರುಗಿದೆ. "ನಮ್ಮಲ್ಲಿ ಹಾಗೇ ಸಾಬ್," ಎಂದರು. "ನಮ್ಮಪ್ಪ ರೇಷ್ಮೆ ರೀಲಿಂಗ್ ಮನೆ ನಡೆಸ್ತಿದ್ರು. ಕೈಕೆಳಗಿನೋನು ನೂಲು ಕೆಡಿಸಿದ್ರೆ ವ್ಯಾಪಾರಿ ಮುಂದೆ ಅವನ ಹೆಸರು ಹೇಳ್ತಿರ್ಲಿಲ್ಲ, ನನ್ ತಪ್ಪು ಅಂತಿದ್ರು. ಮನೆಗೆ ಬಂದ್ಮೇಲೆ ಅವನೇ ಹೇಳ್ಕೋಬೇಕು. ಆ ಗಾಡಿಗೆ ನಿಮ್ಮನ್ನ ಹತ್ತಿಸಿದ್ದು ನಾನು." ಸ್ಪ್ಯಾನರನ್ನು ಮತ್ತೆ ಎತ್ತಿಕೊಂಡು ಸೇರಿಸಿದರು: "ಸಾಮಾನ್ಯ ಅವನು ಮಾರನೇ ದಿನಾನೇ ಹೇಳ್ಕೊಳ್ಳೋಕೆ ಬರ್ತಿದ್ದ."

ಆ ಕೊನೆಯ ಮಾತನ್ನು ಅವರು ಚುಚ್ಚಲು ಹೇಳಿದ್ದಲ್ಲ. ಲೆಕ್ಕ ಸರಿಯಿರಲಿ ಎಂದು ಹೇಳಿದ್ದು.

ಆ ಮಧ್ಯಾಹ್ನ ನಾವು ಎಂಜಿನ್ ಬಿಚ್ಚಿದೆವು. ಎಂಜಿನ್ನಿನ ಮೇಲ್ಮುಚ್ಚಳ ತೆಗೆದು, ಸೀಮೆಎಣ್ಣೆ ಸುರಿದು ಎರಡು ಗಂಟೆ ಬಿಟ್ಟು, ಮರದ ಸುತ್ತಿಗೆಯಿಂದ ಪಿಸ್ಟನ್ ಓಡಾಡುವ ಬ್ಯಾರಲ್ಲನ್ನು ನಾಲ್ಕೂ ಕಡೆ ಮೆಲ್ಲಗೆ ತಟ್ಟುತ್ತ ಎಬ್ಬಿಸಿದೆವು. ಪಿಸ್ಟನ್ನಿನ ಒಂದು ಮಗ್ಗುಲು ಉಗುರಿನಲ್ಲಿ ಗೀರಿದಂತೆ ಮೇಲಿಂದ ಕೆಳಗಿನವರೆಗೆ ಕಿತ್ತುಹೋಗಿ, ಅದರ ಲೋಹ ಬ್ಯಾರಲ್ಲಿನ ಒಳಗೋಡೆಗೆ ಮೆತ್ತಿಕೊಂಡಿತ್ತು. ಉಸ್ತಾದ್ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು. ಎಂಜಿನ್ ಕಟ್ಟಿದ ಹನ್ನೆರಡು ತಿಂಗಳಲ್ಲಿ ಹುಡುಕಿ ತಂದಿದ್ದ ಪಿಸ್ಟನ್. ಒಂದು ಅಳತೆ ದೊಡ್ಡ ಪಿಸ್ಟನ್ ಸಿಕ್ಕರೆ ಬ್ಯಾರಲ್ಲಿನ ಒಳಗೋಡೆ ಕೊರೆಸಿ ಕೂರಿಸಬಹುದು. ಆಮೇಲೆ ಇನ್ನೊಮ್ಮೆ ಕೊರೆಸಲು ಲೋಹ ಉಳಿಯುವುದಿಲ್ಲ ಎಂದರು.

ಮರುದಿನ ಆಯೋಜಕರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿದರು. ನಾಲ್ಕು ಗಾಡಿಗಳನ್ನು ಬೇರೆ ಊರಿನ ಶೆಡ್ಡಿಗೆ ಆಗಲೇ ಕಳಿಸಿಯಾಗಿತ್ತು. "ಆವತ್ತೇ ರಸ್ತೆಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ," ಎಂದರು.

ತಿದ್ದುಪಡಿ ಬರೆದು ಡೆಸ್ಕಿಗೆ ಕಳಿಸಿದೆ. ಹಿರಿಯ ಉಪಸಂಪಾದಕರು ಫೋನ್ ಮಾಡಿದರು. "ಹೆಸರೋ ಊರೋ ತಪ್ಪಾದರೆ ತಿದ್ದುಪಡಿ ಹಾಕೋದು ಕಣ್ರೀ. ನಿಮ್ಮ ವರದಿಯಲ್ಲಿ ತಪ್ಪೇ ಇಲ್ಲ. ಎಂಜಿನ್ ಬಿಗಿದದ್ದು ಹೌದು ತಾನೆ?"

"ಹೌದು ಸಾರ್."

"ಮತ್ತೆ? ಆತ್ಮಕಥೆಗೆ ನಮ್ಮಲ್ಲಿ ಕಾಲಂ ಇಲ್ಲ."

ಕಸುಬಿನ ಲೆಕ್ಕದಲ್ಲಿ ಅವರ ಮಾತು ಸರಿ. ವರದಿ ಬರೆದದ್ದೂ ಎಂಜಿನ್ ಕೆಡಿಸಿದ್ದೂ ಒಬ್ಬನೇ, ಅದನ್ನು ಮುಚ್ಚಿಟ್ಟು ಬರೆದಿದ್ದೇನೆ, ಹಾಕದಿದ್ದರೆ ನಾನು ಆ ಪುಟಕ್ಕೆ ಮುಂದೆ ಬರೆಯಲಾರೆ ಎಂದೆ. ನಾಲ್ಕು ದಿನ ಬಿಟ್ಟು ಹಾಕಿದರು. ಪುಟದ ಕೆಳಗೆ, ಟೆಂಡರ್ ಜಾಹೀರಾತಿನ ಪಕ್ಕ, ಐದು ಸಾಲು. ನನ್ನ ಹೆಸರು ಇತ್ತು. ಜಿಲ್ಲೆ ಸುತ್ತಿ ವರದಿ ಮಾಡುವ ಕೆಲಸವನ್ನು ಮೂರು ತಿಂಗಳ ಮಟ್ಟಿಗೆ ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅದು ಸರಿಯೇ ಇತ್ತು.

ಪಿಸ್ಟನ್ ಹುಡುಕುವ ಕೆಲಸ ನಾನು ವಹಿಸಿಕೊಂಡೆ. ಕನಕಪುರದ ಒಂದು ಹಳೆಯ ಬಿಡಿಭಾಗದ ಅಂಗಡಿಯ ಅಟ್ಟದಲ್ಲಿ, ಗ್ರೀಸ್ ಕಾಗದ ಸುತ್ತಿದ ಒಂದು ಸಿಕ್ಕಿತು. ಉಸ್ತಾದ್ ಎಂಜಿನ್ ಮತ್ತೆ ಕಟ್ಟಿದರು. ಕಾಂಪೌಂಡರ್ ಒಂದು ಬೆಳಗ್ಗೆ ಮಾಗಡಿಯಿಂದ ಕೆಂಪಾಪುರಕ್ಕೆ ಅದನ್ನು ಓಡಿಸಿಕೊಂಡು ಹೋದರಂತೆ. ಉಸ್ತಾದ್ ಹಿಂದೆ ಆಟೊದಲ್ಲಿದ್ದರಂತೆ. ಉಸ್ತಾದ್ ಹೇಳಿದ್ದು ಇಷ್ಟೇ, ಅದೂ ನಾನು ಕೇಳಿದ ಮೇಲೆ. ನನ್ನನ್ನು ಕರೆದಿರಲಿಲ್ಲ. ಕರೆಯಬೇಕಿತ್ತೆಂದು ನನಗೂ ಅನಿಸಲಿಲ್ಲ.

ಅದಾಗಿ ಕೆಲವು ವಾರಗಳಿಗೆ, ನಾನು ಶೆಡ್ಡಿನಲ್ಲಿದ್ದಾಗ ಕನಕಪುರದ ರೈತರೊಬ್ಬರು ಒಂದು ಹಳೆಯ ಗಾಡಿಯನ್ನು ಆಟೊದಲ್ಲಿ ಹಾಕಿಕೊಂಡು ಬಂದರು. ಇಳಿಸುವ ಮೊದಲು ಬಾಗಿಲಲ್ಲೇ ನಿಂತು ಕೇಳಿದರು.

"ಮಾಗಡಿ ರೋಡ್‌ನಾಗೆ ಸೀಜಾಗಿ ನಿಂತೋಯ್ತಂತಲ್ಲ, ಆ ಎಂಜಿನ್ ಕಟ್ಟಿದ್ದು ನೀವೇನಾ?"

"ಹೂಂ, ನಾನೇ," ಎಂದರು ಉಸ್ತಾದ್, ತಲೆ ಎತ್ತದೆ.

"ಎಂಜಿನ್ ಚೆನ್ನಾಗಿತ್ತು," ಎಂದೆ ನಾನು. "ಎಣ್ಣೆ ಹಾಕದೆ ಓಡಿಸಿ ಕೆಡಿಸಿದವನು ನಾನು."

ರೈತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪೇಪರ್‌ನಾಗೆ ಹಂಗೆ ಬರ್ದಿರ್ನಿಲ್ವಲ್ಲ."

"ಬರೆದವನೂ ನಾನೇ."

ಆಟೊದವನು ನಕ್ಕುಬಿಟ್ಟ. ರೈತರು ನಗಲಿಲ್ಲ. ನನ್ನ ಮುಖವನ್ನು, ಉಸ್ತಾದರ ಬಗ್ಗಿದ ಬೆನ್ನನ್ನು, ಮತ್ತೆ ನನ್ನ ಮುಖವನ್ನು ನೋಡಿದರು. ಆಮೇಲೆ ಆಟೊದ ಹಿಂಬದಿಗೆ ಹೋಗಿ ಹಗ್ಗ ಬಿಚ್ಚತೊಡಗಿದರು. "ಸುಮ್ಕೆ ನಿಂತ್ಕಬೇಡಿ," ಎಂದರು ನನಗೆ. "ಹಿಂದಿನ ಚಕ್ರ ಹಿಡ್ಕಳಿ."

ಹಿಡಿದುಕೊಂಡೆ.